ಮಹಾಬಳೇಶ್ವರ ಖರೇನ ಬ್ರಿಟಿಷರು ಕಂಡುಹಿಡಿದ ಊರೇನ್ರಿ?

ಹುಬ್ಬಳ್ಳಿಯ ಓದುಗರೊಬ್ಬರ ಪ್ರಶ್ನೆ: "ಸರ್ ನಮಸ್ಕಾರ. ನಂದೊಂದು ಸಣ್ಣ ಟ್ರಾವೆಲ್ಸ್ ಐತಿ, ಎರಡು ಟೆಂಪೋ ಟ್ರಾವೆಲರ್. ಹನ್ನೆರಡು ವರ್ಷದಿಂದ ಕೊಲ್ಹಾಪುರ, ಮಹಾಬಳೇಶ್ವರ, ಪ್ರತಾಪಗಡ ಟ್ರಿಪ್ ಮಾಡ್ಸಾಕತ್ತೀನಿ, ಮಂದಿ ಎಲ್ಲಾ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವರು. ಗಾಡಿಯೊಳಗ ಮೈಕ್ ಹಿಡಿದು ಊರಿನ ಇತಿಹಾಸ ನಾನೇ ಹೇಳ್ತೀನಿ. 1824ರಾಗ ಒಬ್ಬ ಬ್ರಿಟಿಷ್ ಆಫೀಸರ್ ಬರೇ ಅಡವಿ ಇದ್ದ ಗುಡ್ಡದ ಮ್ಯಾಲೆ ಈ ಊರು ಕಂಡುಹಿಡಿದ, ಗವರ್ನರ್ ಮಾಲ್ಕಮ್ ಸಾಹೇಬ ರಾಜಾಗ ಖಂಡಾಳ ಕೊಟ್ಟು ಇದನ್ನ ತಗೊಂಡ, ಕೆರಿ ಕಟ್ಟಿಸಿದ, ಚೀನಾದವರನ್ನ ತರಿಸಿ ಸ್ಟ್ರಾಬೆರಿ ಹಚ್ಚಿಸಿದ ಅಂತ. ಹೋದ ಡಿಸೆಂಬರದಾಗ ಹಾವೇರಿ ಕಡೆಯ ಒಬ್ರು ರಿಟೈರ್ಡ್ ಮಾಸ್ತರು ನಡುವ ನಿಲ್ಲಿಸಿ 'ತಮ್ಮಾ, ಕೃಷ್ಣಾ ನದಿ ಹುಟ್ಟೋ ಕ್ಷೇತ್ರ ಅದು, ಅದನ್ನ ಅವರು ಕಂಡುಹಿಡಿಯೋದೇನು, ರಾಜಾನ ಕಡೆಯಿಂದ ಕಸ್ಗೊಂಡ್ರು ಅಂತ ಹೇಳು' ಅಂದ್ರು. ಹಿಂದಿನ ಸೀಟಿನ ಹುಡುಗರು 'ಬ್ರಿಟಿಷರು ಬರದಿದ್ರ ಅಲ್ಲಿ ಏನೂ ಇರ್ತಿರಲಿಲ್ಲ' ಅಂದ್ರು. ಪ್ರತಾಪಗಡ ಮುಟ್ಟೋತನಕ ಬರೇ ವಾದ. ಈಗ ಕನ್ನಡದಾಗ ಒಂದು ಪಾಂಪ್ಲೆಟ್ ಪ್ರಿಂಟ್ ಹಾಕ್ಸಬೇಕಂತ ಮಾಡೀನಿ. ಯಾರ ಮಾತು ಖರೇ? ಏನಂತ ಹಾಕ್ಲಿ?"

ಉತ್ತರ:

ಅಣ್ಣಾರ, ಮೊದಲ ಒಂದು ಮಾತು. ಹನ್ನೆರಡು ವರ್ಷ ಮಂದಿನ ಕರ್ಕೊಂಡು ಹೋಗಿ ಈಗೂ "ನಾ ಹೇಳೋದು ಸರಿ ಐತೋ ಇಲ್ಲೋ" ಅಂತ ಕೇಳಾಕತ್ತೀರಲ್ಲ, ಭಾಳ ಖುಷಿ ಆತು. ನಾನು ಧಾರವಾಡದಾಗ ಮೂವತ್ತು ವರ್ಷದ ಮ್ಯಾಲೆ ಇತಿಹಾಸ ಕಲಿಸಿದಾಂವ, ಹುಡುಗರನ್ನ ಕರ್ಕೊಂಡು ಆ ಗುಡ್ಡಕ್ಕ ಎಷ್ಟು ಸರ್ತಿ ಹೋಗೀನೋ ಲೆಕ್ಕ ಇಟ್ಟಿಲ್ಲ, ಮತ್ತ ನೀವು ಮೈಕಿನ್ಯಾಗ ಹೇಳೋ ಕಥಿನ ನಾನೂ ಮೊದಲ ನಾಕೈದು ವರ್ಷ ಹಂಗ ಹೇಳ್ತಿದ್ದೆ, ಯಾಕಂದ್ರ ಪುಸ್ತಕದಾಗ, ಬೋರ್ಡಿನ ಮ್ಯಾಲೆ, ಗೈಡ್ ಬಾಯಾಗ ಎಲ್ಲಾ ಕಡೆ ಅದೇ ಐತಿ.

ನಿಮ್ಮ ಗಾಡಿಯೊಳಗ ಜಗಳಾಡಿದವರು ಇಬ್ಬರೂ ಅರ್ಧರ್ಧ ಖರೇ ಹೇಳ್ಯಾರ. ಅವರು ಬ್ಯಾರೆ ಬ್ಯಾರೆ ಎರಡು ಊರಿನ ಬಗ್ಗೆ ಮಾತಾಡಾಕತ್ತಿದ್ರು, ಅದು ಇಬ್ಬರಿಗೂ ಗೊತ್ತಿರಲಿಲ್ಲ ಅಷ್ಟ. ನೀವು ಗಾಡಿ ಪಾರ್ಕ್ ಮಾಡೋದು, ಮಂದಿ ಚಪ್ಪಲಿ, ಚಿಕ್ಕಿ, ಜಾಮ್ ತಗೊಳ್ಳೋದು ಒಂದು ಊರು, ಅದರ ಹಳೇ ಹೆಸರು ಮಾಲ್ಕಮ್ ಪೇಠ. ಅಲ್ಲಿಂದ ಐದಾರು ಕಿಲೋಮೀಟರ್ ದೂರ ಗುಡಿ ಇರೋದು ಇನ್ನೊಂದು ಊರು, ಅದು ಕ್ಷೇತ್ರ ಮಹಾಬಳೇಶ್ವರ, ಮಂದಿ 'ಜುನಾ ಮಹಾಬಳೇಶ್ವರ' ಅಂತಾರ. ಮಾಲ್ಕಮ್ ಪೇಠ ಹುಟ್ಟಿ ಇನ್ನೂ ಇನ್ನೂರು ವರ್ಷದ ಆಸುಪಾಸು. ಕ್ಷೇತ್ರದ ವಯಸ್ಸು ಅದರ ಎಷ್ಟೋ ಪಟ್ಟು. ಹೊಸ ಪೇಟಿ ಬೆಳಕೋತ ಬೆಳಕೋತ ಹಳೇ ಕ್ಷೇತ್ರದ ಹೆಸರನ್ನ ತಾನೇ ಹಾಕ್ಕೊಂಡುಬಿಟ್ಟಿತು, ಮಾಲ್ಕಮ್ ಪೇಠ ಅನ್ನೋದು ಕಾಗದಪತ್ರದಾಗ ಉಳೀತು. ಹಿಂಗಾಗಿ 'ಮಹಾಬಳೇಶ್ವರ ಯಾವಾಗ ಹುಟ್ಟಿತು' ಅಂತ ಕೇಳಿದ್ರ ಒಬ್ಬಾಂವ 1828 ಅಂತಾನ, ಇನ್ನೊಬ್ಬಾಂವ ಪುರಾಣ ಕಾಲ ಅಂತಾನ, ಜಗಳ ಶುರು ಆಗ್ತೈತಿ.

ಕ್ಷೇತ್ರದ ಕಡೆ ಜರಾ ಹೆಚ್ಚು ಹೊತ್ತು ನಿಲ್ತೀನಿ, ಯಾಕಂದ್ರ ನಮ್ಮ ಕಡೆಯ ಟೂರಿನ್ಯಾಗ ಅದಕ್ಕ ಅರ್ಧ ತಾಸು ಸಿಕ್ರ ಹೆಚ್ಚು. ಅಲ್ಲಿ ಪಂಚಗಂಗಾ ಗುಡಿಯೊಳಗ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಅಂತ ಐದು ನದಿ ಹುಟ್ತಾವ ಅಂತ ನಂಬಿಗಿ. ಕಲ್ಲಿನ ಗೋಮುಖದ ಬಾಯಿಂದ ನೀರು ಬೀಳ್ತಿರ್ತೈತಿ, ಎಂಥಾ ಬ್ಯಾಸಗಿ ಇದ್ರೂ ಕೈ ಹಿಡಿದ್ರ ಬೆರಳು ಜುಮ್ ಅನ್ನೋಷ್ಟು ತಂಪು. ಸಾವಿತ್ರಿ ಪಶ್ಚಿಮಕ್ಕ ಇಳಿದು ಕೊಂಕಣದಾಗ ಸಮುದ್ರ ಸೇರ್ತಾಳ. ಕೃಷ್ಣಾ ಮಾತ್ರ ಅರಬ್ಬಿ ಸಮುದ್ರ ಬರೇ ಅರವತ್ತು-ಎಪ್ಪತ್ತು ಕಿಲೋಮೀಟರ್ ಇದ್ರೂ ಆ ಕಡೆ ಹೊಳ್ಳಿ ನೋಡದ ಪೂರ್ವಕ್ಕ ತಿರುಗಿ, ವಾಯಿ, ಸಾಂಗ್ಲಿ ದಾಟಿ, ನಮ್ಮ ಬೆಳಗಾವಿ ಜಿಲ್ಲಾದಾಗ ಒಳಗ ಬಂದು, ಆಲಮಟ್ಟಿ, ನಾರಾಯಣಪುರ ಮುಟ್ಟಿ, ಸುಮಾರು 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರ್ತಾಳ. ನಿಮ್ಮ ಗಾಡಿಯೊಳಗಿನ ಮಂದಿ ಹುಬ್ಬಳ್ಳಿ-ಧಾರವಾಡದಾಗ ಕುಡಿಯೋ ಮಲಪ್ರಭಾ ನೀರಿನ ಹೊಳಿ ಕೂಡಲಸಂಗಮದಾಗ ಸೇರೋದು ಇದೇ ಕೃಷ್ಣೆಗೆ. ಇದನ್ನ ಗೋಮುಖದ ಮುಂದ ನಿಂತು ಹೇಳಿ ನೋಡ್ರಿ, ಮಂದಿ ಮೊಬೈಲ್ ಕೆಳಗ ಇಡ್ತಾರ.

ದೇವಗಿರಿ ಯಾದವರ ಸಿಂಘಣ 13ನೇ ಶತಮಾನದಾಗ ಈ ಉಗಮದ ಜಾಗಾಕ್ಕ ಬಂದು ಸಣ್ಣ ಗುಡಿ, ಕುಂಡ ಕಟ್ಟಿಸಿದ ಅಂತ ಅಲ್ಲಿಯ ಹೇಳಿಕಿ. ಈ ಸಿಂಘಣ ನಮಗೇನು ಪರಕೀಯ ಅಲ್ಲ, ಅವನ ರಾಜ್ಯ ನಮ್ಮ ಗದಗ, ಲಕ್ಷ್ಮೇಶ್ವರದ ಸೀಮಿಯೊಳಗೂ ಇತ್ತು. ಆಮ್ಯಾಲೆ ಈ ಗುಡ್ಡದ ಕೆಳಗಿನ ಜಾವಳಿ ಕಣಿವಿ 'ಚಂದ್ರರಾವ್' ಅನ್ನೋ ಬಿರುದಿನ ಮೋರೆ ಮನೆತನದ ಕೈಯಾಗಿತ್ತು, ಅವರು ವಿಜಯಪುರದ ಆದಿಲಶಾಹಿಗೆ ನಡಕೊಂಡು ಬಂದವರು. 1656ರಾಗ ಶಿವಾಜಿ ಮಹಾರಾಜರು ಜಾವಳಿ ಗೆದ್ರು, ಪ್ರತಾಪಗಡ ಕಟ್ಟಿಸಿದ್ರು, 1659ರ ನವೆಂಬರ್ 10ಕ್ಕ ಆ ಕ್ವಾಟಿ ಬುಡದಾಗ ವಿಜಯಪುರದ ಸರದಾರ ಅಫ್ಜಲ್ ಖಾನನ ಕಥಿ ಮುಗೀತು. 1665ರಾಗ ತಾಯಿ ಜೀಜಾಬಾಯಿಯವರ ತುಲಾಭಾರ ಇದೇ ಕ್ಷೇತ್ರದಾಗ ಆತು. ಇಷ್ಟೆಲ್ಲಾ ನಡೆದ ಜಾಗಾನ 1824ರಾಗ 'ಕಂಡುಹಿಡಿದ್ರು' ಅನ್ನೋದು ಹೆಂಗ ಆಗ್ತೈತಿ? ಈ ಮಾತಿನ್ಯಾಗ ನಿಮ್ಮ ಮಾಸ್ತರದು ಪೂರ್ತಿ ಸರಿ.

'ಬರೇ ಅಡವಿ, ಯಾರೂ ಇರಲಿಲ್ಲ' ಅನ್ನೋದೂ ತಪ್ಪು. ಆ ಗುಡ್ಡದಾಗ ಕುಣಬಿಗಳು, ಕೋಲಿ ಜನಾಂಗದವರು, ಧನಗರರು ಇದ್ರು, ಮತ್ತ ಧಾವಡ ಅಂತ ಕಬ್ಬಿಣ ಕಾಸೋ ಮಂದಿ ಇದ್ರು. ಅಲ್ಲಿಯ ಕೆಂಪು ಜಂಬಿಟ್ಟಿಗಿ ಕಲ್ಲಿನ್ಯಾಗ ಕಬ್ಬಿಣದ ಅಂಶ ಐತಿ, ಸುತ್ತ ಕಟ್ಟಿಗಿ ಬೇಕಾದಷ್ಟು, ಅದನ್ನ ಸುಟ್ಟು ಇದ್ದಲಿ ಮಾಡಿ ಕಬ್ಬಿಣ ತಗೀತಿದ್ರು. ಹೊಸ ಪೇಟಿ ಬಂದು, ಅಡವಿ ಮ್ಯಾಲೆ ಸರಕಾರದ ಕಾಯ್ದೆ ಬಂದ ಮ್ಯಾಲೆ ಇದ್ದಲಿ ಸುಡೋರ ಹೊಟ್ಟಿ ಮ್ಯಾಲೆ ಹೊಡತ ಬಿತ್ತು. ಪಾಂಪ್ಲೆಟಿನ್ಯಾಗ ಇವರ ಹೆಸರು ಒಂದು ಸಾಲಾದರೂ ಬರಲಿ ಅಂತ ನನ್ನ ಆಸೆ, ಯಾಕಂದ್ರ ಯಾವ ಪಾಯಿಂಟಿಗೂ ಅವರ ಹೆಸರು ಇಟ್ಟಿಲ್ಲ.

ಇನ್ನ 1824ರ ಆಫೀಸರ್. ಅವರ ಹೆಸರು ಪೀಟರ್ ಲಾಡ್ವಿಕ್, ಸಾತಾರಾದಾಗ ದಂಡಿನ ಜೋಡಿ ಇದ್ದವರು. ಆ ವರ್ಷ ಬ್ಯಾಸಗಿಯೊಳಗ ಗುಡ್ಡ ಹತ್ತಿದ್ರು, ಆಮ್ಯಾಲೆ ಪತ್ರಿಕಾದಾಗ ಬರೆದು 'ಹಿಂಗೊಂದು ತಂಪು ಜಾಗಾ ಐತಿ' ಅಂತ ಬಾಂಬೆ ಮಂದಿಗೆ ತಿಳಿಸಿದ್ರು. ಅಂದಂಗ ಅದೇ 1824ರ ಅಕ್ಟೋಬರ್ 23ಕ್ಕ ಕಿತ್ತೂರಿನ್ಯಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು. ನಿಮ್ಮ ಗಾಡಿ ಚೆನ್ನಮ್ಮ ಸರ್ಕಲ್‌ನಿಂದನ ಹೊರಡ್ತಿದ್ರ ಅಲ್ಲೇ ಹೇಳಿಬಿಡ್ರಿ: ಇಲ್ಲಿ ರಾಣಿ ಚೆನ್ನಮ್ಮ ಕಂಪನಿ ಸರಕಾರದ ಜೋಡಿ ಹೊಡದಾಡಿದ ವರ್ಷನ ಅಲ್ಲಿ ಕಂಪನಿಯ ಆಫೀಸರ್ ಗುಡ್ಡ ಹತ್ತಿದ ಅಂತ. ನಮ್ಮ ಮಂದಿಗೆ ಇಸ್ವಿ ನೆನಪು ಉಳಿಯೋದು ಹಿಂಗ.

ಲಾಡ್ವಿಕ್ ಪಾಯಿಂಟಿನ ಮ್ಯಾಲೆ ಒಂದು ಎತ್ತರದ ಕಂಬ ಐತಲ್ಲ, ಅದನ್ನ ಅವರ ಮಗ ಕಟ್ಟಿಸಿದ್ದು. ಅದರ ಮುಂದ ಸೆಲ್ಫಿ ತಗೊಂಡು ಎಲ್ಲಾರೂ ಹೊಳ್ಳಿಬಿಡ್ತಾರ, ಕಲ್ಲಿನ ಮ್ಯಾಲೆ ಏನ್ ಬರದೈತಿ ಅಂತ ಓದೋರಿಲ್ಲ. ನಾನೂ ಓದಿದ್ದಿಲ್ಲ. ಒಂದು ಸರ್ತಿ ಹುಡುಗರ ಮುಂದ ನಾನು ಇದೇ ನಿಮ್ಮ ಕಥಿ ಹೇಳಾಕತ್ತಿದ್ದೆ, ಬ್ಯಾಡಗಿ ಕಡೆಯ ಒಬ್ಬಾಕಿ ಹುಡುಗಿ ಕಲ್ಲಿನ ಮ್ಯಾಲಿನ ಪಾಚಿ ಕೈಲೆ ಒರಸಿ ಇಂಗ್ಲಿಷ್ ಅಕ್ಷರ ಒಂದೊಂದ ಓದ್ಕೋತ ಬಂದು ನಡುವ ನಿಂತ್ಲು. "ಸರ್, ಇಲ್ಲಿ ಈ ಗುಡ್ಡದ ಮ್ಯಾಲೆ ಕಾಲಿಟ್ಟ ಮೊದಲ ಯುರೋಪಿಯನ್ ಅಂತ ಬರದಾರ, ಕಂಡುಹಿಡಿದ್ರು ಅಂತ ಎಲ್ಲೂ ಬರದಿಲ್ಲಲ್ಲ" ಅಂದ್ಲು. ನನಗ ಒಂದು ನಿಮಿಷ ಮಾತ ಬರಲಿಲ್ಲ. ಸ್ವಂತ ಮಗ ಅಪ್ಪನ ಹೆಗ್ಗಳಿಕಿ ಸಲುವಾಗಿ ಕೆತ್ತಿಸಿದ ಕಲ್ಲು ಅದು, ಅದರಾಗೂ 'ಮೊದಲ ಯುರೋಪಿಯನ್' ಮತ್ತ 'ಇಲ್ಲಿಯ ಹವಾ ಆರೋಗ್ಯಕ್ಕ ಛಲೋ ಅಂತ ತಿಳಿಸಿಕೊಟ್ಟವರು' ಅನ್ನೋದಷ್ಟ ಹೇಳ್ಯಾರ. 'ಕಂಡುಹಿಡಿದ್ರು' ಅನ್ನೋ ಶಬ್ದ ಆಮ್ಯಾಲೆ ನಾವು, ಅಂದ್ರ ಗೈಡುಗಳು, ಮಾಸ್ತರುಗಳು, ಪುಸ್ತಕ ಬರೆಯೋರು ಸೇರಿಸಿದ್ದು. ಆವತ್ತಿನಿಂದ ನಾನು ಆ ಶಬ್ದ ಬಿಟ್ಟೆ.

ಹಂಗಾದ್ರ ಆ ಹಿಂದಿನ ಸೀಟಿನ ಹುಡುಗರ ಮಾತಿನ್ಯಾಗ ಖರೇ ಯಾವುದು? ಪೇಟಿ ಕಟ್ಟಿದ್ದು ಬ್ರಿಟಿಷರ ಅವಶ್ಯಕತಾದಿಂದ ಅನ್ನೋದು ಖರೇ. ಆದ್ರ ಅವರಿಗೆ ಗುಡ್ಡ ಯಾಕ ಬೇಕಾತು ಅಂತ ಕೇಳಿದ್ರ ಎಲ್ಲಾರೂ 'ಬ್ಯಾಸಗಿಗೆ ತಂಪು' ಅಂತಾರ. ಅದರ ಹಿಂದ ಇದ್ದದ್ದು ಸಾವಿನ ಅಂಜಿಕಿ. ಕಂಪನಿಯ ಯುರೋಪಿಯನ್ ಸಿಪಾಯಿಗಳು ಲಡಾಯಿಯೊಳಗ ಸತ್ತದ್ದಕ್ಕಿಂತ ಚಳಿಜ್ವರ, ಕಾಲರಾ, ರಕ್ತಭೇದಿಯೊಳಗ ಸತ್ತದ್ದು ಹೆಚ್ಚು. ಚಳಿಜ್ವರ ಸೊಳ್ಳಿಯಿಂದ ಬರ್ತೈತಿ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನ್ಯಾಗ ತೋರಿಸಿದ್ದು 1897ರಾಗ, ಅಲ್ಲಿತನಕ ಡಾಕ್ಟರ್‌ಗಳು ಕೊಳಚೆ, ಜೌಗು ನೆಲದಿಂದ ಏಳೋ ಕೆಟ್ಟ ಹವಾದಿಂದ ಬ್ಯಾನಿ ಬರ್ತೈತಿ ಅಂತ ನಂಬಿದ್ರು, ಎತ್ತರಕ್ಕ ಹೋದ್ರ ಆ ಹವಾ ಮುಟ್ಟಂಗಿಲ್ಲ ಅಂತ ಲೆಕ್ಕ. ಕಾರಣ ತಪ್ಪಿತ್ತು, ಉಪಾಯ ಅರ್ಧ ಕೆಲಸ ಮಾಡ್ತು, ಯಾಕಂದ್ರ 4,500 ಅಡಿ ಎತ್ತರದ ತಂಪಿನ್ಯಾಗ ಸೊಳ್ಳಿ ಕಾಟ ಕಡಿಮಿ. ಅದಕ್ಕೂ ಮೊದಲ ಬ್ಯಾನಿ ಬಿದ್ದ ಆಫೀಸರನ್ನ ಹಡಗದಾಗ ಆಫ್ರಿಕಾದ ತುದಿ ಕೇಪ್‌ತನಕ, ಇಲ್ಲಾ ಇಂಗ್ಲೆಂಡಿಗೆ ಕಳಸ್ತಿದ್ರು, ತಿಂಗಳಗಟ್ಟಲೆ ಪ್ರಯಾಣ, ಖರ್ಚು, ಕೆಲವರು ಹಾದಿಯೊಳಗನ ಹೋಗಿಬಿಡೋರು.

ಮತ್ತ 1820ರ ದಶಕದಾಗನ ಯಾಕ? ಅದಕ್ಕಿಂತ ಮೊದಲ ಈ ಗುಡ್ಡಗಳು ಅವರ ಕೈಯಾಗ ಇರಲಿಲ್ಲ, ಅಷ್ಟ. 1818ರಾಗ ಪೇಶ್ವೆ ರಾಜ್ಯ ಮುಗೀತು, ಸಹ್ಯಾದ್ರಿ ಅವರ ಹಿಡಿತಕ್ಕ ಬಂತು. ಅತ್ತ ನೇಪಾಳದ ಯುದ್ಧ ಮುಗಿದು ಶಿಮ್ಲಾ ಸೀಮಿ ಸಿಕ್ತು, ಅಲ್ಲಿ ಮೊದಲ ಪಕ್ಕಾ ಮನಿ 1822ರಾಗ ಎದ್ದಿತು. ನೀಲಗಿರಿಯೊಳಗ ಕೊಯಿಮತ್ತೂರಿನ ಕಲೆಕ್ಟರ್ ಸುಲಿವಾನ್ ಊಟಿಯ ಕಲ್ಲುಮನಿ ಕಟ್ಟಿಸಿದ್ದೂ ಅದೇ ಹೊತ್ತಿಗೆ. ಹಿಂಗ ನೋಡಿದ್ರ ಮೂರೂ ಊರು ಒಂದೇ ದಶಕದ ಕೂಸುಗಳು.

ಲಾಡ್ವಿಕ್ ಬರೆದ ಕೂಡಲೇ ಊರೇನು ಎದ್ದು ನಿಲ್ಲಲಿಲ್ಲ. ಸಾತಾರಾದ ರೆಸಿಡೆಂಟ್, ಅಂದ್ರ ರಾಜಾನ ದರಬಾರಿನ್ಯಾಗ ಕಂಪನಿಯ ಪ್ರತಿನಿಧಿ ಆಗಿದ್ದ ಬ್ರಿಗ್ಸ್ ಒಂದು ಸಣ್ಣ ಮನಿ ಕಟ್ಟಿಸಿದ್ರು, ಮತ್ತ ಸಾತಾರಾದ ರಾಜಾ ಪ್ರತಾಪಸಿಂಹರ ಮನ ಒಲಿಸಿ ಸಾತಾರಾದಿಂದ ಗುಡ್ಡದ ಮ್ಯಾಲಿನ ತನಕ ಗಾಡಿ ಹೋಗೋ ರಸ್ತೆ ಮಾಡಿಸಿದ್ರು. ಇಲ್ಲಿ ನಿಂತು ವಿಚಾರ ಮಾಡ್ರಿ: ಮಾಲ್ಕಮ್ ಸಾಹೇಬ ಬರೋದಕ್ಕ ಮೊದಲ ರಸ್ತೆ ಬಂದಿತ್ತು, ರೊಕ್ಕ ರಾಜಾಂದು, ಕಲ್ಲು ಒಡೆದ ಕೈ ಅಲ್ಲಿಯ ಮಂದಿದು. ಸರ್ ಜಾನ್ ಮಾಲ್ಕಮ್ 1827ರ ಕೊನಿಗೆ ಬಾಂಬೆ ಗವರ್ನರ್ ಆದ್ರು, 1828ರ ಬ್ಯಾಸಗಿಯೊಳಗ ಮ್ಯಾಲೆ ಬಂದ್ರು, ಬ್ಯಾನಿ ಬಿದ್ದ ಯುರೋಪಿಯನ್ ಸಿಪಾಯಿಗಳ ಸಲುವಾಗಿ ಪರೀಕ್ಷಾಕ್ಕಂತ ಒಂದು ದವಾಖಾನಿ ತಗದ್ರು. ಆಮ್ಯಾಲೆ ಹೊಸ ಪೇಟಿಗೆ ಬಂದು ಅಂಗಡಿ ಹಾಕ್ರಿ, ಮನಿ ಕಟ್ರಿ ಅಂತ ರಾಜಾನ ಹೆಸರಿನ್ಯಾಗನ ಜಾಹೀರ್ ಆತು, ಪೇಟಿಗೆ ಹೆಸರು ಮಾತ್ರ ಮಾಲ್ಕಮ್ ಸಾಹೇಬರದು.

ಜಾಗಾದ ವ್ಯವಹಾರ ಆದದ್ದು 1829ರ ಒಪ್ಪಂದದಾಗ. ರಾಜಾ ಗುಡ್ಡದ ಜಾಗಾ ಕೊಟ್ರು, ಅದರ ಬದಲಿಗೆ ಕಂಪನಿ ವಾಯಿ ಸೀಮಿಯ ಖಂಡಾಳ ಅನ್ನೋ ಊರು ಕೊಟ್ಟಿತು. ಇದರಾಗ ನಿಮ್ಮ ಕಥಿ ಸರಿನ ಐತಿ, ಆದ್ರ ಒಂದು ಎಚ್ಚರಿಕಿ. ಖಂಡಾಳ ಅಂದ ಕೂಡಲೇ ಮಂದಿ ತಲಿಯೊಳಗ ಲೋಣಾವಳಾ-ಖಂಡಾಳ ಬರ್ತೈತಿ, ಪುಣೆ-ಮುಂಬೈ ಹಾದಿಯೊಳಗಿಂದು. ಅದಲ್ಲ ಇದು. ಸಾತಾರಾದಿಂದ ಪುಣೆ ಕಡೆ ಹೋಗುವಾಗ ಖಂಬಾಟಕಿ ಘಾಟ್ ಬರ್ತೈತಲ್ಲ, ಆ ಕಡೆಯ ಖಂಡಾಳ, ಈಗ ಸಾತಾರಾ ಜಿಲ್ಲಾದ ಒಂದು ತಾಲೂಕು. ಪಾಂಪ್ಲೆಟಿನ್ಯಾಗ ಬರೇ 'ಖಂಡಾಳ' ಅಂತ ಹಾಕಬ್ಯಾಡ್ರಿ, 'ಸಾತಾರಾ ಜಿಲ್ಲಾದ ಖಂಡಾಳ' ಅಂತ ಹಾಕ್ರಿ.

ಹಂಗಾದ್ರ ಕಸ್ಗೊಂಡ್ರೋ, ಅದಲಿ-ಬದಲಿ ಮಾಡ್ಕೊಂಡ್ರೋ? ಕಾಗದದ ಮ್ಯಾಲೆ ಅದು ಅದಲಿ-ಬದಲಿ. ಆದ್ರ ಎರಡೂ ಕಡೆ ತಕ್ಕಡಿ ಸಮ ಇತ್ತು ಅಂತ ಅನಬ್ಯಾಡ್ರಿ. ಪೇಶ್ವೆಗಳನ್ನ ಇಳಿಸಿದ ಮ್ಯಾಲೆ ಪ್ರತಾಪಸಿಂಹರನ್ನ ಸಾತಾರಾ ಗಾದಿ ಮ್ಯಾಲೆ ಕುಂದರಿಸಿದವರು ಕಂಪನಿಯವರು, 1819ರ ಕರಾರಿನ ಪ್ರಕಾರ ರೆಸಿಡೆಂಟ್ ಮಾತು ಮೀರಿ ಅವರು ಹೊರಗಿನವರ ಜೋಡಿ ವ್ಯವಹಾರ ಮಾಡಂಗಿರಲಿಲ್ಲ. ಅಂಥಾ ರಾಜಾಗ ಗವರ್ನರ್ 'ಈ ಗುಡ್ಡ ಬೇಕು' ಅಂದಾಗ 'ಒಲ್ಲೆ' ಅನ್ನೋ ಜಾಗಾ ಎಷ್ಟಿತ್ತು? ಮುಂದ ಹತ್ತು ವರ್ಷದಾಗ, 1839ರಾಗ, ಅದೇ ಕಂಪನಿ ಸರಕಾರ ಅದೇ ಪ್ರತಾಪಸಿಂಹರ ಮ್ಯಾಲೆ ಒಳಸಂಚಿನ ಆರೋಪ ಹೊರಿಸಿ ಗಾದಿಯಿಂದ ಇಳಿಸಿ ಕಾಶಿಗೆ ಕಳಿಸಿತು. ಅವರ ಪರವಾಗಿ ರಂಗೋ ಬಾಪೂಜಿ ಲಂಡನ್‌ತನಕ ಹೋಗಿ ವರ್ಷಗಟ್ಟಲೆ ನ್ಯಾಯ ಕೇಳಿದ್ರು, ಸಿಗಲಿಲ್ಲ. 1847ರಾಗ ರಾಜಾ ಕಾಶಿಯೊಳಗನ ತೀರಿಕೊಂಡ್ರು. 1848ರಾಗ, ಅವರ ಜಾಗಾಕ್ಕ ಗಾದಿ ಏರಿದ್ದ ಅವರ ತಮ್ಮ ಅಪ್ಪಾಸಾಹೇಬರೂ ತೀರಿಕೊಂಡ ಮ್ಯಾಲೆ ದತ್ತಕ ಒಪ್ಪದ ಗವರ್ನರ್ ಜನರಲ್ ಡಾಲ್ಹೌಸಿ ಸಾತಾರಾ ರಾಜ್ಯಾನೇ ನುಂಗಿಬಿಟ್ಟ. ದತ್ತಕದ ವಿಷಯ ನಮ್ಮ ಕಿತ್ತೂರಿನವರಿಗೆ ಬಿಡಿಸಿ ಹೇಳೋದು ಬ್ಯಾಡ. ನನ್ನ ಅಭಿಪ್ರಾಯ ಕೇಳಿದ್ರ, ಮಾಸ್ತರ 'ಕಸ್ಗೊಂಡ್ರು' ಅನ್ನೋ ಶಬ್ದ ಗುಡ್ಡಕ್ಕ ಪೂರ್ತಿ ಹೊಂದೋದಿಲ್ಲ, ಆದ್ರ ರಾಜ್ಯಕ್ಕ ಹೊಂದ್ತೈತಿ, ಮತ್ತ ಈ ಎರಡನ್ನೂ ಬಿಟ್ಟು ಬಿಟ್ಟು ಹೇಳಿದ್ರ ಮಂದಿಗೆ ಅರ್ಥ ಆಗಂಗಿಲ್ಲ.

ಕೆರಿ ವಿಷಯ ಸಣ್ಣದು, ತಪ್ಪು ದೊಡ್ಡದು. ವೆಣ್ಣಾ ಕೆರಿ ಮಾಲ್ಕಮ್ ಕಟ್ಟಿಸಿದ್ದಲ್ಲ, 1842ರಾಗ ಮ್ಯಾಲೆ ಹೇಳಿದ ಅಪ್ಪಾಸಾಹೇಬ ಮಹಾರಾಜರು ಕಟ್ಟಿಸಿದ್ದು. ಮಾಲ್ಕಮ್ ಹೋಗಿ ಹನ್ನೆರಡು ವರ್ಷ ಆಗಿತ್ತು. ಇದನ್ನ ಇವತ್ತ ತಿದ್ದಿಬಿಡ್ರಿ.

ಚೀನಾದವರ ಕಥಿಯೊಳಗ ಖರೇ ಐತಿ, ಆದ್ರ ನೀವು ಹೇಳೋದಕ್ಕಿಂತ ಕಷ್ಟದ ಕಥಿ. ಅವರು ತೋಟಗಾರರು ಅಂತ ಯಾರೂ ಕರೆಸಿದ್ದಲ್ಲ, ಮಲಯಾ, ಸಿಂಗಪುರ ಕಡೆಯ ಬ್ರಿಟಿಷ್ ಬಂದರುಗಳಿಂದ ಶಿಕ್ಷಾ ಆಗಿ ಹಡಗದಾಗ ಬಂದ ಚೀನೀ ಮತ್ತ ಮಲಯಾ ಕೈದಿಗಳು. ಅವರ ಸಲುವಾಗಿ 1834ರ ಸುಮಾರಿಗೆ ಇಲ್ಲಿ ಜೇಲ್ ಕಟ್ಟಿದ್ರು, 1864ರಾಗ ಮುಚ್ಚಿದ್ರು. ಆ ಮೂವತ್ತು ವರ್ಷದಾಗ ಊರಿನ ರಸ್ತೆ ಕೆಲಸ, ಕಾಯಿಪಲ್ಲೆ ತೋಟ, ಬೆತ್ತದ ಬುಟ್ಟಿ, ಖುರ್ಚಿ ಎಲ್ಲಾ ಅವರ ಕೈಯಿಂದ ಆದವು. ಬಟಾಟಿ ಮತ್ತ ಇಂಗ್ಲಿಷ್ ಕಾಯಿಪಲ್ಲೆ ಈ ಗುಡ್ಡದಾಗ ಊರಿದ್ದು ಅವರ ಬೆವರಿನಿಂದ. ಬಿಡುಗಡಿ ಆದ ಮ್ಯಾಲೂ ಕೆಲವರು ಊರಿಗೆ ಹೋಗದ ಅಲ್ಲೇ ತೋಟ ಮಾಡ್ಕೊಂಡು ಉಳಿದ್ರು. ಆ ತೋಟದಾಗ ಸ್ಟ್ರಾಬೆರಿನೂ ಬೆಳೀತಿದ್ರು, ಅದು ಖರೇ, ಆದ್ರ ನೀವು ಈಗ ಕ್ರೀಮ್ ಹಾಕ್ಸಿ ತಿನ್ನೋ ಆ ದಪ್ಪ ಸ್ಟ್ರಾಬೆರಿ ಆ ಕಾಲದ ತಳಿ ಅಲ್ಲ, ಆಮ್ಯಾಲೆ ಹೊರಗಿಂದ ಹೊಸ ತಳಿ ತರಿಸಿ ಅಲ್ಲಿಯ ರೈತರು ಬೆಳೆಸಿದ್ದು, ಅದಕ್ಕ 2010ರಾಗ ಭೌಗೋಳಿಕ ಗುರುತು, ಅಂದ್ರ ಜಿಐ ಟ್ಯಾಗ್ ಸಿಕ್ಕೈತಿ. 'ಚೀನೀ ಕೈದಿಗಳು ಬಟಾಟಿ, ಕಾಯಿಪಲ್ಲೆ, ಸ್ಟ್ರಾಬೆರಿ ಬೆಳೆದ್ರು, ಇವತ್ತಿನ ಸ್ಟ್ರಾಬೆರಿ ಇಲ್ಲಿಯ ರೈತರದು' ಅಂತ ಹಾಕಿದ್ರ ಇಬ್ಬರಿಗೂ ನ್ಯಾಯ ಮಾಡಿದಂಗ.

ಇನ್ನ ಆ ಪೇಟಿಯ ಜೀವನ ಹೆಂಗಿತ್ತು ಅಂತ ಜರಾ ಹೇಳ್ತೀನಿ, ಇದು ಮೈಕಿನ್ಯಾಗ ಛಲೋ ನಡೀತೈತಿ. ಅಲ್ಲಿ ವರ್ಷಕ್ಕ 5,000 ಮಿಲಿಮೀಟರ್ ಮ್ಯಾಲೆ ಮಳಿ, ನಮ್ಮ ಧಾರವಾಡದಾಗ 800ರ ಆಸುಪಾಸು, ನೀವ ಅಂದಾಜು ಮಾಡ್ರಿ. ಹಿಂಗಾಗಿ ಜೂನ್ ಬಂತಂದ್ರ ಬಂಗಲೆಗಳ ಸುತ್ತ, ಜಂಬಿಟ್ಟಿಗಿ ಗ್ವಾಡಿ ನೆನೆದು ಬಿದ್ದುಹೋಗಬಾರದು ಅಂತ ಹುಲ್ಲಿನ ತಟ್ಟಿ ಹೊದಿಸಿ, ಬಾಗಲಾ ಹಾಕ್ಕೊಂಡು ಸಾಹೇಬರೆಲ್ಲ ಕೆಳಗ ಇಳಿದುಬಿಡೋರು. ಮ್ಯಾಲೆ ಉಳಿಯೋರು ಮಾಲಿ, ಕಾವಲುಗಾರ, ಸಣ್ಣ ಅಂಗಡಿಯವರು, ಗುಡಿ ಪೂಜಾರಿಗಳು. ಇಷ್ಟು ಮಳಿ ಇರೋ ಊರು ವರ್ಷಪೂರ್ತಿ ದವಾಖಾನಿ ಆಗೋದು ಸಾಧ್ಯ ಇರಲಿಲ್ಲ, ಮತ್ತ ಗುಡ್ಡ ಹತ್ತಿದವರೆಲ್ಲಾ ಬದುಕಿದ್ರು ಅಂತೂ ಅಲ್ಲ, ಬಾಂಬೆ ದಂಡಿನ ಮುಖ್ಯಸ್ಥ ಸರ್ ಸಿಡ್ನಿ ಬೆಕ್ವಿತ್ 1831ರಾಗ ಈ ಆರೋಗ್ಯಧಾಮದಾಗನ ತೀರಿಕೊಂಡ್ರು, ಅವರ ಸ್ಮಾರಕ ಇವತ್ತಿಗೂ ಐತಿ. ಕೊನಿಗೆ ಊರು ನಿಂತಿದ್ದು ಗವರ್ನರ್‌ನ ಬ್ಯಾಸಗಿ ಬಿಡಾರ ಆಗಿ. ಚಳಿಗಾಲ ಬಾಂಬೆ, ಮಳಿಗಾಲ ಪುಣೆ, ಬ್ಯಾಸಗಿ ಮಹಾಬಳೇಶ್ವರ, ಹಿಂಗ ಸರಕಾರ ತಿರುಗ್ತಿತ್ತು. ಮತ್ತ ಆ ಸರಕಾರ ಯಾರದು? ನಮ್ಮದ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲಾ ಬಾಂಬೆ ಇಲಾಖಾದಾಗ ಇದ್ವು, 1956ರ ನವೆಂಬರ್ 1ರ ತನಕ ಬಾಂಬೆ ಜೋಡಿನ. ಬ್ಯಾಸಗಿಯೊಳಗ ಧಾರವಾಡ ಜಿಲ್ಲಾದ ಬರ, ಕಂದಾಯದ ದೊಡ್ಡ ಕಾಗದಗಳು ಗವರ್ನರ್ ಸಹಿಗೆ ಹತ್ತಬೇಕಾದದ್ದು ಆ ಗುಡ್ಡನ. ಮಹಾಬಳೇಶ್ವರಕ್ಕ ಇವತ್ತಿಗೂ ರೈಲಿಲ್ಲ, ಆಗ ಮಂದಿ ವಾಠಾರ ಸ್ಟೇಷನ್ನಿಗೆ ಇಳಿದು ಟಾಂಗಾ ಹಿಡಿದು ವಾಯಿ, ಪಸರಣಿ ಘಾಟ್ ಹತ್ತಿ ಹೋಗೋರು. ಆ ವಾಠಾರದ ಮ್ಯಾಲೆ ಹಾದು ಪುಣೆಗೆ ಹೋಗೋ ಹಳಿ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ, ಅದರ ಮುಖ್ಯ ಕಚೇರಿ ಧಾರವಾಡದಾಗ, ಈಗಿನ ಕರ್ನಾಟಕ ಕಾಲೇಜಿನ ಕಟ್ಟಡದಾಗ ಇತ್ತು. ನಾನು ಓದಿದ್ದು ಅದೇ ಕಟ್ಟಡದಾಗ, ಆದ್ರ ಈ ಸಂಬಂಧ ತಿಳಿಯೋ ಹೊತ್ತಿಗೆ ನನಗ ನಲವತ್ತು ದಾಟಿತ್ತು.

ಪಾಯಿಂಟ್ ಹೆಸರುಗಳ ಬಗ್ಗೆ ಲಗೂನ ಹೇಳಿಬಿಡ್ತೀನಿ. ವಿಲ್ಸನ್ ಪಾಯಿಂಟ್ ಅಂತೀರಲ್ಲ, ಎಲ್ಲಾದಕ್ಕಿಂತ ಎತ್ತರದ್ದು, 4,700 ಅಡಿ ಮ್ಯಾಲೆ, ಅದರ ಹಳೇ ಹೆಸರು ಸಿಂದೋಳಾ, 1920ರ ದಶಕದ ಗವರ್ನರ್ ಲೆಸ್ಲಿ ವಿಲ್ಸನ್ ಹೆಸರು ಆಮ್ಯಾಲೆ ಬಂದಿದ್ದು. ಆರ್ಥರ್ ಸೀಟ್ ಅಲ್ಲಿ ಮೊದಲು ಮನಿ ಕಟ್ಟಿದ ಆರ್ಥರ್ ಮ್ಯಾಲೆಟ್ ಹೆಸರಿಂದು, ಹೆಂಡತಿ-ಮಕ್ಕಳು ನೀರಾಗ ಹೋದ ದುಃಖದಾಗ ಕುಂತು ನೋಡ್ತಿದ್ದ ಅನ್ನೋ ಕಥಿ ಹೇಳೋದಿದ್ರ 'ಹಿಂಗ ಹೇಳ್ತಾರ' ಅಂತ ಹೇಳ್ರಿ. ಪಂಚಗಣಿ ಇನ್ನೂ ಸಣ್ಣಾಕಿ, 1860ರ ದಶಕದಾಗ ಜಾನ್ ಚೆಸನ್ ನೆಲಿಯೂರಿಸಿದ್ದು, ಮಳಿ ಅಲ್ಲಿ ಕಡಿಮಿ ಅಂತ ವರ್ಷಪೂರ್ತಿ ಇರೋ ಸಾಲಿಗಳು ಅಲ್ಲೇ ಬೆಳೆದ್ವು. ಮತ್ತ ನಿಮ್ಮ ಮಂದಿಯೊಳಗ ಒಬ್ಬರಾದ್ರೂ 'ಇದು ಗೋಕರ್ಣದ ಮಹಾಬಳೇಶ್ವರ ಏನ್ರಿ' ಅಂತ ಕೇಳ್ತಾರ. ದೇವರ ಹೆಸರು ಒಂದ, ಊರು ಬ್ಯಾರೆ: ಗೋಕರ್ಣದ್ದು ರಾವಣನ ಆತ್ಮಲಿಂಗದ ಕಥಿ, ಇಲ್ಲಿದು ಮಹಾಬಲ, ಅತಿಬಲ ಅನ್ನೋ ಅಣ್ಣತಮ್ಮ ದೈತ್ಯರ ಕಥಿ.

ಈಗ ಪಾಂಪ್ಲೆಟ್. ಇದ್ದ ಕಥಿನ ಹಂಗ ಪ್ರಿಂಟ್ ಹಾಕೋದು ಸಸ್ತಾ, ಮಂದಿಗೂ ಕೇಳಿ ಕೇಳಿ ರೂಢಿ ಆಗೈತಿ, ಆದ್ರ ಮೈಕಿನ್ಯಾಗ ತಪ್ಪು ಹೇಳಿದ್ರ ಗಾಳ್ಯಾಗ ಹೋಗ್ತೈತಿ, ಕಾಗದದ ಮ್ಯಾಲೆ ಹಾಕಿದ್ರ ನಿಮ್ಮ ಟ್ರಾವೆಲ್ಸ್ ಹೆಸರಿನ ಜೋಡಿ ಹತ್ತು ವರ್ಷ ತಿರುಗ್ತೈತಿ, ಸಾಲಿ ಟ್ರಿಪ್ ಬಂದ್ರಂತೂ ಮಕ್ಕಳು ಪ್ರಾಜೆಕ್ಟಿನ್ಯಾಗ ಅದನ್ನ ಬರೀತಾರ. ಮಾಸ್ತರ ಮಾತು ಹಿಡಿದು 'ಬ್ರಿಟಿಷರು ಲೂಟಿ ಮಾಡಿದ ಊರು' ಅಂತ ಹಾಕಿದ್ರ ಒಪ್ಪಂದ, ಖಂಡಾಳ, ರಾಜಾ ಮಾಡಿಸಿದ ರಸ್ತೆ ಇವ್ಯಾವೂ ಅದರಾಗ ಕುಂದ್ರಂಗಿಲ್ಲ, ಓದಿಕೊಂಡವರೊಬ್ಬರು ಗಾಡಿ ಹತ್ತಿದ್ರ ಮತ್ತ ಅದೇ ಜಗಳ ತಿರುವಿ ಬೀಳ್ತೈತಿ. ನಾನಾದ್ರ ಏನ್ ಮಾಡ್ತಿದ್ದೆ ಅಂದ್ರ, ಪಾಂಪ್ಲೆಟಿನ ಒಂದು ಬಾಜೂಕ ಕ್ಷೇತ್ರ, ಇನ್ನೊಂದು ಬಾಜೂಕ ಮಾಲ್ಕಮ್ ಪೇಠ ಅಂತ ಎರಡು ಊರಿನ ಎರಡು ಇತಿಹಾಸ ಹಾಕಿಸಿ, ಪುರಾಣದ ಮಾತಿಗೆ 'ನಂಬಿಗಿ', ಇಸ್ವಿ ಇದ್ದದ್ದಕ್ಕ ಇಸ್ವಿ ಬರೀತಿದ್ದೆ. ಇದಕ್ಕೂ ಒಂದು ತೊಂದ್ರಿ ಐತಿ, ಎರಡು ಪುಟ ತುಂಬಾ ಇತಿಹಾಸ ಹಾಕಿದ್ರ ಮಂದಿ ಮಡಚಿ ಭಜಿ ಇಡಾಕ ಉಪಯೋಗ್ಸ್ತಾರ. ಅದಕ್ಕ ಬಾಜೂಕ ಹತ್ತು ಸಾಲ ಮೀರಬ್ಯಾಡ್ರಿ, ಅಕ್ಷರ ದಪ್ಪ ಇರಲಿ.

ಸಾಧ್ಯ ಆದ್ರ ಟ್ರಿಪ್ ಸಾಲನ್ನೂ ತಿರುಗಿಸ್ರಿ. ಈಗ ನೀವು ಪಾಯಿಂಟ್, ಮಾರ್ಕೆಟ್, ಕೆರಿ ಮುಗಿಸಿ ಕಡೀಕ ಗುಡಿಗೆ ಹೋಗ್ತಿರಬೇಕು, ಎಲ್ಲಾ ಟೂರಿನವರೂ ಹಂಗ ಮಾಡ್ತಾರ. ಮುಂಜಾನೆ ಮೊದಲ ಕ್ಷೇತ್ರಕ್ಕ ಹೋಗಿ ಗೋಮುಖದ ನೀರು ತೋರಿಸಿ ಆಮ್ಯಾಲೆ ಲಾಡ್ವಿಕ್ ಪಾಯಿಂಟಿಗೆ ಬರ್ರಿ, ಕಥಿ ತಾನ ಸಾಲು ಹಿಡೀತೈತಿ, ವಾದಕ್ಕ ಜಾಗಾನ ಉಳಿಯಂಗಿಲ್ಲ. ಶ್ರಾವಣದಾಗ, ಶಿವರಾತ್ರಿಯೊಳಗ, ಶನಿವಾರ-ಆದಿತ್ಯವಾರ ಗುಡಿ ಹಾದಿ ಸಣ್ಣದಿರೋದಕ್ಕ ಟ್ರಾಫಿಕ್ ಸಿಗ್ತೈತಿ, ಆ ದಿನ ಏಳು ಗಂಟೆದೊಳಗ ಲಾಡ್ಜ್ ಬಿಡಬೇಕಾಗ್ತೈತಿ, ಮಳಿಗಾಲದಾಗಂತೂ ಮಂಜಿನ್ಯಾಗ ಲಾಡ್ವಿಕ್ ಕಂಬ ಹತ್ತು ಹೆಜ್ಜಿ ದೂರದಿಂದ ಕಾಣಂಗಿಲ್ಲ.

ಕಂಬದ ಮುಂದ ನಿಂತಾಗ ನೀವು ಹೇಳಬ್ಯಾಡ್ರಿ, ಗಾಡಿಯೊಳಗಿನ ಯಾರಾದ್ರೂ ಹುಡುಗರ ಕಡೆಯಿಂದ ಕಲ್ಲು ಓದಿಸ್ರಿ. ಪ್ರಿಂಟ್ ಹಾಕೋ ಮೊದಲ ಪ್ರೂಫ್ ನನಗ ಕಳಿಸಿದ್ರ ನೋಡಿ ಕೊಡ್ತೀನಿ, ಆ ಹಾವೇರಿ ಮಾಸ್ತರಿಗೂ ಒಂದು ಪ್ರತಿ ಕಳಿಸ್ರಿ.